ಭಾರದ ಸ್ಪೀಕರಿಗೆ ಯಾವ ಸ್ಟ್ಯಾಂಡ್? ಕೆಂಪುಕಲ್ಲಿನ ಗೋಡೆಗೆ ತೂತು ಕೊರೆಯುವ ಮುನ್ನ

ಗಲ್ಫ್‌ನಿಂದ ರಜೆಗೆ ಬರುವವರ ಕಾರ್ಟನ್‌ನಲ್ಲಿ ಸ್ಪೀಕರ್ ಇರುತ್ತದೆ, ಅದರ ಸ್ಟ್ಯಾಂಡ್ ಇರುವುದಿಲ್ಲ. ಕಾರಣ ಎಲ್ಲರಿಗೂ ಗೊತ್ತಿದ್ದದ್ದೇ. ವಿಮಾನದಲ್ಲಿ ಒಯ್ಯಲು ಸಿಗುವುದು ಸಾಮಾನ್ಯವಾಗಿ 30 ಕೆಜಿಯ ಆಚೀಚೆ. ಅದರಲ್ಲಿ ಎರಡು ಸ್ಪೀಕರ್, ಒಂದು ಆಂಪ್ಲಿಫೈಯರ್ ತುಂಬಿಸಿದರೆ ಮಕ್ಕಳ ಚಾಕೊಲೇಟಿಗೇ ಜಾಗ ಸಾಲದು, ಮತ್ತೆ ಕಬ್ಬಿಣದ ಸ್ಟ್ಯಾಂಡಿಗೆ ಎಲ್ಲಿಂದ? ಹಾಗಾಗಿ ಸ್ಪೀಕರ್ ಊರಿಗೆ ಬಂದು, ಹೊಸ ಮನೆಯ ಹಾಲ್‌ನಲ್ಲಿ ಟೀಪಾಯಿಯ ಮೇಲೋ ಪ್ಲಾಸ್ಟಿಕ್ ಸ್ಟೂಲಿನ ಮೇಲೋ ಕೂರುತ್ತದೆ. "ಸದ್ಯಕ್ಕೆ ಇರಲಿ" ಅಂತ ಇಟ್ಟದ್ದು ಮುಂದಿನ ರಜೆಯವರೆಗೂ ಅಲ್ಲೇ ಇರುತ್ತದೆ. ಅಷ್ಟರಲ್ಲಿ ಮನೆಯಲ್ಲಿ ಒಂದು ಮಗು ನಡೆಯಲು ಕಲಿತಿರುತ್ತದೆ.

ವಿಷಯ ಗಂಭೀರವಾಗುವುದು ಇಲ್ಲಿ. ಹೋಮ್ ಥಿಯೇಟರಿನ ಸಣ್ಣ ಪ್ಲಾಸ್ಟಿಕ್ ಸ್ಪೀಕರ್ ಒಂದೂವರೆ ಕೆಜಿ ಇದ್ದೀತು. ಆದರೆ ಮರದ ಡಬ್ಬದ ಬುಕ್‌ಶೆಲ್ಫ್ ಸ್ಪೀಕರ್ ಒಂದೊಂದೇ 5ರಿಂದ 10 ಕೆಜಿ ತೂಗುತ್ತದೆ. ನೆಲದ ಮೇಲೆ ನಿಲ್ಲುವ ಟವರ್ ಸ್ಪೀಕರ್ 15ರಿಂದ 30 ಕೆಜಿ. ಒಂದು ವರ್ಷದ ಮಗುವಿನ ತೂಕ ಹೆಚ್ಚುಕಡಿಮೆ 9-10 ಕೆಜಿ. ತನ್ನಷ್ಟೇ ಭಾರದ ವಸ್ತುವನ್ನು ಹಿಡಿದು ಎದ್ದು ನಿಲ್ಲಲು ಮಗು ನೋಡುತ್ತದೆ. ಸ್ಪೀಕರಿನ ಮುಂಭಾಗದ ದುಂಡಗಿನ ಕೋನ್ ಕಂಡರೆ ಅದಕ್ಕೆ ಬೆರಳು ಹಾಕದೆ ಇರಲಾಗದು. ಅಮೆರಿಕದಲ್ಲಿ ಡ್ರಾಯರ್ ಇರುವ ಕಪಾಟುಗಳು ಮಗುಚಿ ಬಿದ್ದು ಮಕ್ಕಳು ಸತ್ತ ಪ್ರಕರಣಗಳ ನಂತರ 2022ರ ಕೊನೆಗೆ ಅದಕ್ಕೆಂದೇ ಒಂದು ಕಾನೂನು ಬಂತು. ಸ್ಪೀಕರ್ ಸ್ಟ್ಯಾಂಡ್ ಅದರ ವ್ಯಾಪ್ತಿಯಲ್ಲಿಲ್ಲ. ಆದರೆ ಭಾರ ಮೇಲಿದ್ದು ಬುಡ ಸಣ್ಣದಾದರೆ ಆಗುವುದು ಎರಡರಲ್ಲೂ ಒಂದೇ.

ಮೊದಲು ಎತ್ತರದ ಮಾತು. ಸ್ಪೀಕರಿನಲ್ಲಿ ಸಣ್ಣ, ಚೂಪು ಸ್ವರಗಳನ್ನು ಹೊರಡಿಸುವ ಟ್ವೀಟರ್ ಎಂಬ ಪುಟ್ಟ ಭಾಗ ಇರುತ್ತದಲ್ಲ, ಅದು ಸೋಫಾದಲ್ಲಿ ಕುಳಿತವರ ಕಿವಿಯ ಮಟ್ಟಕ್ಕೆ ಬರಬೇಕು. ನೆಲದಿಂದ ಅಳೆದರೆ ಅದು 90ರಿಂದ 100 ಸೆಂ.ಮೀ. ಬುಕ್‌ಶೆಲ್ಫ್ ಸ್ಪೀಕರಿನ ಎತ್ತರವೇ 30-35 ಸೆಂ.ಮೀ. ಇರುವುದರಿಂದ ಸ್ಟ್ಯಾಂಡ್ ಸುಮಾರು 60 ಸೆಂ.ಮೀ., ಅಂದರೆ ಎರಡು ಅಡಿ ಇದ್ದರೆ ಲೆಕ್ಕ ಸರಿಯಾಗುತ್ತದೆ. ಅಂಗಡಿಯಲ್ಲಿ ಸಿಗುವ ಹೆಚ್ಚಿನ ಸ್ಟ್ಯಾಂಡ್‌ಗಳು ಇದೇ ಎತ್ತರದವು. ನಮ್ಮ ಮನೆಗಳಲ್ಲಿ ನೆಲದಲ್ಲಿ ಹಾಸಿಗೆ, ದಿಂಬು ಹಾಕಿ ಕುಳಿತು ನೋಡುವ ಅಭ್ಯಾಸವೂ ಉಂಟು. ಹಾಗಿದ್ದರೆ ಇನ್ನೂ ತಗ್ಗಿದ ಸ್ಟ್ಯಾಂಡ್ ಸಾಕು, ತಗ್ಗಿದಷ್ಟೂ ಒಳ್ಳೆಯದು.

ಸ್ಟ್ಯಾಂಡ್ ಗಟ್ಟಿಯೋ ಅಲ್ಲವೋ ಎಂಬುದನ್ನು ಅಂಗಡಿಯವರ ಮಾತಿನಿಂದ ತಿಳಿಯಲು ಆಗುವುದಿಲ್ಲ. "ಇದು 20 ಕೆಜಿ ತಡೆಯುತ್ತದೆ" ಎಂದರೆ ಅದು ಮುರಿಯುವುದಿಲ್ಲ ಎಂದಷ್ಟೇ ಅರ್ಥ, ಮಗುಚುವುದಿಲ್ಲ ಎಂದಲ್ಲ. ಮಗುಚುವ ಲೆಕ್ಕವನ್ನು ಯಾರು ಬೇಕಾದರೂ ಮಾಡಬಹುದು: ಸ್ಪೀಕರ್ ಮತ್ತು ಸ್ಟ್ಯಾಂಡ್ ಎರಡರ ಒಟ್ಟು ತೂಕವನ್ನು ಬುಡದ ಅಗಲದ ಅರ್ಧದಿಂದ ಗುಣಿಸಿ, ಕೈ ತಾಗುವ ಎತ್ತರದಿಂದ ಭಾಗಿಸಬೇಕು. ಬರುವ ಉತ್ತರ, ಎಷ್ಟು ಕೆಜಿ ಬಲದಿಂದ ದೂಡಿದರೆ ಅದು ಒರಗಲು ಶುರುವಾಗುತ್ತದೆ ಎಂಬುದು.

ಉದಾಹರಣೆಗೆ 8 ಕೆಜಿಯ ಸ್ಪೀಕರ್, 3 ಕೆಜಿಯ ಸಪೂರ ಸ್ಟ್ಯಾಂಡ್, ಬುಡದ ಅಗಲ 25 ಸೆಂ.ಮೀ. ಎಂದಿಟ್ಟುಕೊಳ್ಳೋಣ. ಸ್ಪೀಕರಿನ ಮೇಲ್ತುದಿ ನೆಲದಿಂದ 94 ಸೆಂ.ಮೀ. ಎತ್ತರದಲ್ಲಿದೆ. 11 ಕೆಜಿಯನ್ನು ಹನ್ನೆರಡೂವರೆಯಿಂದ ಗುಣಿಸಿ 94ರಿಂದ ಭಾಗಿಸಿದರೆ ಬರುವುದು ಒಂದೂವರೆ ಕೆಜಿಗಿಂತ ಸ್ವಲ್ಪ ಕಡಿಮೆ. ಅಷ್ಟೇ! ಗುಡಿಸುವಾಗ ಮೊಣಕೈ ತಾಗಿದರೂ ಸಾಕು. ಭಾರವೆಲ್ಲ ಮೇಲೇ ಇರುವುದರಿಂದ 12 ಡಿಗ್ರಿ ವಾಲಿದ ಮೇಲೆ ಅದು ತಾನಾಗಿ ಹಿಂದೆ ಬರುವುದೂ ಇಲ್ಲ, ನೇರ ನೆಲಕ್ಕೆ.

ಇದಕ್ಕೆ ಮದ್ದು ಎರಡೇ: ಬುಡ ಅಗಲವಾಗಬೇಕು, ಬುಡ ಭಾರವಾಗಬೇಕು. ಇಲ್ಲಿ ದುಬಾರಿ ಸ್ಟ್ಯಾಂಡ್ ತರಿಸುವುದಕ್ಕಿಂತ ಊರಿನ ವೆಲ್ಡಿಂಗ್ ಶಾಪಿಗೆ ಹೋಗುವುದು ಬುದ್ಧಿವಂತಿಕೆ. ಉಪ್ಪಳ, ಕುಂಬಳೆ, ಮಂಜೇಶ್ವರದ ಕಡೆ ಗೇಟು, ಕಿಟಕಿ ಗ್ರಿಲ್ ಮಾಡುವ ಯಾವ ವೆಲ್ಡರಿಗೂ ಇದು ಅರ್ಧ ದಿನದ ಕೆಲಸ. ಬುಡಕ್ಕೆ 8 ಮಿ.ಮೀ. ದಪ್ಪದ ಕಬ್ಬಿಣದ ತಗಡು, 30 ಸೆಂ.ಮೀ. ಅಗಲ, 35 ಸೆಂ.ಮೀ. ಉದ್ದ. ನಡುವೆ ಎರಡು ಇಂಚಿನ ಚೌಕ ಪೈಪ್, 60 ಸೆಂ.ಮೀ. ಮೇಲೆ 4 ಮಿ.ಮೀ. ತಗಡು, ಸ್ಪೀಕರಿನ ತಳಕ್ಕಿಂತ ತುಸು ಸಣ್ಣದು. ಬುಡದ ತಗಡೊಂದೇ 6.6 ಕೆಜಿ ತೂಗುತ್ತದೆ. ಪೈಪು, ಮೇಲಿನ ತಗಡು ಸೇರಿ ಒಟ್ಟು ಒಂಬತ್ತೂವರೆ ಕೆಜಿ ದಾಟುತ್ತದೆ, ಅಂದರೆ ಸ್ಪೀಕರಿಗಿಂತ ಸ್ಟ್ಯಾಂಡೇ ಭಾರ. ಹೀಗಿರಬೇಕು. ಅದೇ ಲೆಕ್ಕ ಹಾಕಿದರೆ ಈಗ ಮೇಲ್ತುದಿಯನ್ನು ದೂಡಲು ಬೇಕಾಗುವುದು 2.8 ಕೆಜಿ, ಮೊದಲಿನದರ ಸುಮಾರು ಎರಡು ಪಟ್ಟು. ವಾಲಬಹುದಾದ ಕೋನ 19 ಡಿಗ್ರಿಗೆ ಏರುತ್ತದೆ.

ಪೈಪಿನೊಳಗೆ ಮರಳು ತುಂಬಿಸುವ ಪದ್ಧತಿ ಎಲ್ಲ ಕಡೆ ಉಂಟು. ಟೊಳ್ಳು ಪೈಪ್ ಸಂಗೀತಕ್ಕೆ ತಾನೂ ಗುಂಯ್ ಎನ್ನುತ್ತದೆ, ಮರಳು ಅದನ್ನು ಸುಮ್ಮನಾಗಿಸುತ್ತದೆ. ಈ ಅಳತೆಯ ಪೈಪಿಗೆ ಸುಮಾರು 2 ಕೆಜಿ ಮರಳು ಹಿಡಿಯುತ್ತದೆ, ತೂಕವೂ ಅಷ್ಟು ಸೇರಿತು. ಆದರೆ ಕರಾವಳಿಯಲ್ಲಿ ಒಂದು ಎಚ್ಚರಿಕೆ ಬೇಕು. ಮನೆಯಿಂದ ಕೂಗಳತೆಯಲ್ಲಿ ಕಡಲು ಇದೆ, ಮರಳು ಪುಕ್ಕಟೆ ಎಂದು ಅಲ್ಲಿಂದ ಒಂದು ಚೀಲ ತಂದರೆ ಕೆಟ್ಟಿತು. ಕಡಲ ಮರಳಿನಲ್ಲಿರುವ ಉಪ್ಪು ಮಳೆಗಾಲದ ತೇವ ಹೀರಿಕೊಂಡು ಪೈಪನ್ನು ಒಳಗಿಂದಲೇ ತಿನ್ನುತ್ತದೆ. ಹೊರಗಿನ ಪೇಂಟ್ ಹೊಳೆಯುತ್ತಲೇ ಇರುತ್ತದೆ, ಒಳಗೆ ತುಕ್ಕು. ಕಟ್ಟಡಕ್ಕೆ ತರಿಸುವ ಎಂ-ಸ್ಯಾಂಡ್ ಆದರೆ ಸಾಕು. ಅದನ್ನೂ ನಾಲ್ಕು ದಿನ ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ, ಉದ್ದನೆಯ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿಸಿ ಪೈಪಿಗೆ ಇಳಿಸಬೇಕು. ಪೂರ್ತಿ ತುಂಬಬೇಕೆಂದಿಲ್ಲ, ಕೆಳಗಿನ ಅರ್ಧ ತುಂಬಿದರೆ ಭಾರ ಬುಡದಲ್ಲೇ ಉಳಿಯುತ್ತದೆ.

ಪೇಂಟಿನ ವಿಷಯದಲ್ಲಿ ಜಿಪುಣತನ ಬೇಡ. ರೆಡ್ ಆಕ್ಸೈಡ್ ಪ್ರೈಮರ್ ಎರಡು ಕೋಟ್, ಅದರ ಮೇಲೆ ಎನಾಮಲ್. ಆಗುವುದಾದರೆ ಪೌಡರ್ ಕೋಟಿಂಗ್.

ಕಬ್ಬಿಣ ಇಷ್ಟವಿಲ್ಲ, ಸೋಫಾಕ್ಕೆ ಒಪ್ಪುವ ಮರವೇ ಬೇಕು ಎನ್ನುವವರು ಆಚಾರಿಯನ್ನು ಕರೆಯಬಹುದು. ಹಲಸು, ಹೆಬ್ಬಲಸು, ಸಾಗುವಾನಿ ಯಾವುದಾದರೂ ನಡೆಯುತ್ತದೆ. ಪ್ಲೈವುಡ್ ಆದರೆ ಐಎಸ್ 710 ಎಂದು ಅಚ್ಚಿರುವ ಮೆರೈನ್ ಪ್ಲೈ ಕೇಳಿ ತೆಗೆದುಕೊಳ್ಳಬೇಕು. ಪಾರ್ಟಿಕಲ್ ಬೋರ್ಡ್ ಮಾತ್ರ ಬೇಡವೇ ಬೇಡ. ಪೆಟ್ಟಿಗೆಯಲ್ಲಿ ಬಿಡಿಬಿಡಿಯಾಗಿ ಬರುವ ಅಗ್ಗದ ಸ್ಟ್ಯಾಂಡ್‌ಗಳು, ಟಿವಿ ಯೂನಿಟ್‌ಗಳು ಹೆಚ್ಚಾಗಿ ಇದರವೇ. ಜೂನ್-ಜುಲೈ ಕಳೆಯುವಾಗ ಅದರ ಅಂಚು ನೀರು ಕುಡಿದ ರಸ್ಕಿನ ಹಾಗೆ ಊದಿಕೊಳ್ಳುತ್ತದೆ, ಸ್ಕ್ರೂ ಹಿಡಿತ ಬಿಡುತ್ತದೆ. ಅದರ ಮೇಲೆ 10 ಕೆಜಿಯ ಸೆಂಟರ್ ಸ್ಪೀಕರ್ ಇಟ್ಟವರು ಒಮ್ಮೆ ಹಿಂಬದಿಗೆ ಟಾರ್ಚ್ ಹಾಕಿ ನೋಡುವುದು ಒಳಿತು.

ಸ್ಟ್ಯಾಂಡಿನ ಕಾಲಿಗೆ ಚೂಪಾದ ಸ್ಪೈಕ್ ಕೊಡುವುದುಂಟು. ಅದು ಕಾರ್ಪೆಟ್ ಹಾಸಿದ ಮನೆಗೆ ಸರಿ. ನಮ್ಮಲ್ಲಿ ನೆಲ ಎಲ್ಲ ವಿಟ್ರಿಫೈಡ್ ಟೈಲ್ಸ್ ಅಥವಾ ಗ್ರಾನೈಟ್, ಅದರ ಮೇಲೆ ಸ್ಪೈಕ್ ಜಾರುತ್ತದೆ, ಗೀರುತ್ತದೆ. ದಪ್ಪ ರಬ್ಬರ್ ಪ್ಯಾಡ್ ಸಾಕು. ಸ್ಪೀಕರಿನ ತಳಕ್ಕೂ ಮೇಲಿನ ತಗಡಿಗೂ ನಡುವೆ ನಾಲ್ಕು ಮೂಲೆಯಲ್ಲಿ ಅಂಟುಮೇಣದಂತಹ ಬ್ಲೂ-ಟ್ಯಾಕ್ ಉಂಡೆ ಒತ್ತಿದರೆ ಸ್ಪೀಕರ್ ಮಾತ್ರ ಜಾರಿ ಬೀಳುವುದು ತಪ್ಪುತ್ತದೆ.

ಇಷ್ಟೆಲ್ಲ ಮಾಡಿದರೂ ಸಣ್ಣ ಮಕ್ಕಳಿರುವ ಮನೆಗೆ ಅದು ಸಾಲದು ಎಂಬುದನ್ನು ಒಪ್ಪಿಕೊಳ್ಳಬೇಕು. ಮಗುವಿನ ಕೈ ಎಟಕುವುದು ಸುಮಾರು 50 ಸೆಂ.ಮೀ. ಎತ್ತರಕ್ಕೆ ಎಂದುಕೊಂಡರೂ, ವೆಲ್ಡರ್ ಮಾಡಿದ ಆ ಗಟ್ಟಿ ಸ್ಟ್ಯಾಂಡನ್ನು ಒರಗಿಸಲು ಬೇಕಾದದ್ದು 5 ಕೆಜಿ ಚಿಲ್ಲರೆ. ಹತ್ತು ಕೆಜಿಯ ಮಗು ಜೋತುಬಿದ್ದರೆ ಅಷ್ಟು ಬಲ ಸುಲಭವಾಗಿ ಬರುತ್ತದೆ. ಆದ್ದರಿಂದ ಸ್ಟ್ಯಾಂಡಿನ ಪೈಪಿಗೆ ಮೇಲ್ಗಡೆ ಒಂದು ಸಣ್ಣ ಬಳೆ ವೆಲ್ಡ್ ಮಾಡಿಸಿ, ಅದರಿಂದ ಹಿಂದಿನ ಗೋಡೆಗೆ ಒಂದು ನೈಲಾನ್ ಪಟ್ಟಿ ಅಥವಾ ಸಪೂರ ಸ್ಟೀಲ್ ವೈರ್ ಬಿಗಿಯಬೇಕು. ಸ್ಪೀಕರನ್ನೂ ಒಂದು ಪಟ್ಟಿಯಿಂದ ಮೇಲಿನ ತಗಡಿಗೆ ಸುತ್ತಿ ಕಟ್ಟಬೇಕು, ಇಲ್ಲದಿದ್ದರೆ ಸ್ಟ್ಯಾಂಡ್ ನಿಂತು ಸ್ಪೀಕರ್ ಮಾತ್ರ ಬಂದೀತು. ನೋಡಲು ಚಂದ ಇಲ್ಲ, ನಿಜ. ಹಬ್ಬಕ್ಕೆ ನೆಂಟರ ಮಕ್ಕಳೆಲ್ಲ ಸೇರಿ ಹಾಲ್‌ನಲ್ಲಿ ಓಡಾಡುವಾಗ ಮನೆಯ ಉಮ್ಮಂದಿರಿಗೆ ನೆಮ್ಮದಿ ಕೊಡುವುದು ಆ ಪಟ್ಟಿಯೇ. ಸ್ಪೀಕರಿನ ವೈರನ್ನೂ ನೆಲದಲ್ಲಿ ಅಡ್ಡಾದಿಡ್ಡಿ ಬಿಡಬಾರದು. ಕಾಲಿಗೆ ಸಿಕ್ಕಿದ ವೈರೇ ಎಷ್ಟೋ ಸಲ ಸ್ಪೀಕರನ್ನು ಎಳೆದು ಹಾಕುವುದು.

ಇನ್ನು ಗೋಡೆಗೆ ಬ್ರಾಕೆಟ್ ಹೊಡೆಯುವ ವಿಚಾರ. ಇದರಲ್ಲೇ ಹೆಚ್ಚು ಎಡವಟ್ಟು ಆಗುವುದು, ಯಾಕೆಂದರೆ ಬ್ರಾಕೆಟಿನ ಜೊತೆ ಬರುವ ಸೂಚನೆ ಬರೆದವರು ಕೆಂಪುಕಲ್ಲಿನ ಗೋಡೆಯನ್ನು ನೋಡಿಯೇ ಇಲ್ಲ.

ಮುರಕಲ್ಲು, ಕೆಂಪುಕಲ್ಲು, ಕಾಸರಗೋಡಿನಿಂದ ತೆಂಕಕ್ಕೆ ಹೋದರೆ ಚೆಂಗಲ್ಲು, ಹೆಸರು ಬೇರೆಯಾದರೂ ಕಲ್ಲು ಒಂದೇ. ಇದಕ್ಕೆ ಲ್ಯಾಟರೈಟ್ ಎಂಬ ಶಾಸ್ತ್ರೀಯ ಹೆಸರು ಬಂದದ್ದೂ ಇದೇ ಸೀಮೆಯಿಂದ. ಮಲಪ್ಪುರಂ ಜಿಲ್ಲೆಯ ಅಂಗಾಡಿಪ್ಪುರಂನಲ್ಲಿ ಈ ಕಲ್ಲನ್ನು ಕಂಡ ಫ್ರಾನ್ಸಿಸ್ ಬುಕನನ್, 1807ರಲ್ಲಿ ಅಚ್ಚಾದ ತನ್ನ ಪ್ರವಾಸ ಕಥನದಲ್ಲಿ, ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಆ ಹೆಸರಿಟ್ಟ. ನೆಲದಿಂದ ಕಡಿಯುವಾಗ ಮೆತ್ತಗೆ, ಗಾಳಿಗೆ ಬಿಟ್ಟರೆ ಗಟ್ಟಿ, ಅದೇ ಅದರ ಗುಣ. ಮನೆಯ ಭಾರವನ್ನು ತಲೆಮಾರುಗಟ್ಟಲೆ ಹೊರುವ ಕಲ್ಲು ಇದು. ಆದರೆ ಮೈಯೆಲ್ಲ ತೂತು, ನಡುನಡುವೆ ಮಣ್ಣಿನಂತಹ ಮೆದು ಭಾಗ. ಮೇಲಿನಿಂದ ಒತ್ತುವ ಭಾರಕ್ಕೆ ಅದು ಜಗ್ಗುವುದಿಲ್ಲ, ಸಣ್ಣ ತೂತಿನಲ್ಲಿ ಬಿಗಿದ ಸ್ಕ್ರೂ ಎಳೆದರೆ ಮಾತ್ರ ಪುಡಿಪುಡಿ.

ಬ್ರಾಕೆಟಿನ ಸ್ಕ್ರೂ ಮೇಲೆ ಬೀಳುವ ಎಳೆತ ಸ್ಪೀಕರಿನ ತೂಕದಷ್ಟೇ ಎಂದು ಭಾವಿಸಿದರೆ ಅದು ತಪ್ಪು. 8 ಕೆಜಿಯ ಸ್ಪೀಕರಿನ ಭಾರ ಗೋಡೆಯಿಂದ 20 ಸೆಂ.ಮೀ. ಹೊರಗೆ ತೂಗುತ್ತಿದೆ, ಬ್ರಾಕೆಟಿನ ಮೇಲಿನ ಸ್ಕ್ರೂವಿಗೂ ಕೆಳಗಿನ ಸ್ಕ್ರೂವಿಗೂ 10 ಸೆಂ.ಮೀ. ಅಂತರ ಎಂದರೆ, ಮೇಲಿನ ಸ್ಕ್ರೂವನ್ನು ಗೋಡೆಯಿಂದ ಹೊರಕ್ಕೆ ಎಳೆಯುವ ಬಲ 16 ಕೆಜಿ. ಅಂತರ 5 ಸೆಂ.ಮೀ. ಆದರೆ ಅದು 32 ಕೆಜಿ. ಹಾಗಾಗಿ ಅಂಗೈಯಗಲದ ಮುದ್ದು ಬ್ರಾಕೆಟಿಗಿಂತ ಉದ್ದನೆಯ ಪಟ್ಟಿ ಇರುವ ಒರಟು ಬ್ರಾಕೆಟೇ ಮೇಲು. ಗೋಡೆಯಿಂದ ಹೊರಗೆ ಚಾಚುವ ಕೈ ಗಿಡ್ಡವಾದಷ್ಟೂ ಒಳ್ಳೆಯದು. ಹಾಗೆಂದು ಹಿಂಭಾಗದಲ್ಲಿ ಗಾಳಿಯ ತೂತು ಇರುವ ಸ್ಪೀಕರನ್ನು ಗೋಡೆಗೆ ಅಂಟಿಸಿದರೆ ಬೇಸ್ ಮುದ್ದೆಯಾಗುತ್ತದೆ. ಅಂಥದ್ದಕ್ಕೆ ಸ್ಟ್ಯಾಂಡೇ ಸರಿ.

ಗೋಡೆ ಯಾವುದೆಂದು ಡ್ರಿಲ್ಲಿಂಗ್ ಮೆಷಿನ್ನೇ ಹೇಳುತ್ತದೆ. ಮೊದಲು ಬರುವುದು ಸಾರಣೆಯ ಬೂದು ಪುಡಿ. ಒಂದೂವರೆ ಸೆಂ.ಮೀ. ಒಳಗೆ ಹೋದ ಮೇಲೆ ಪುಡಿ ಕೆಂಪಾದರೆ ಮುರಕಲ್ಲು. ಬೂದು ಬಣ್ಣವೇ ಮುಂದುವರಿದು ಬಿಟ್ ಕಷ್ಟಪಟ್ಟು ಇಳಿದರೆ ಕಾಂಕ್ರೀಟ್ ಕಂಬ ಅಥವಾ ಲಿಂಟಲ್. ಸ್ವಲ್ಪ ಹೋಗಿ ಬುಳಕ್ಕನೆ ಒಳಗೆ ಜಾರಿದರೆ ಹಾಲೋ ಬ್ಲಾಕ್. ಬಿಳಿ ಪುಡಿ ಹಿಟ್ಟಿನ ಹಾಗೆ ಉದುರಿ ಬಿಟ್ ಬೆಣ್ಣೆಯಲ್ಲಿ ಹೋದಂತೆ ಹೋದರೆ ಹಗುರದ ಎಎಸಿ ಬ್ಲಾಕ್, ಹೊಸ ಫ್ಲಾಟ್‌ಗಳಲ್ಲಿ ಇದೇ ಹೆಚ್ಚು.

ಕಾಂಕ್ರೀಟ್ ಸಿಕ್ಕಿದರೆ ಅದೃಷ್ಟ. 8 ಮಿ.ಮೀ. ಆಂಕರ್ ಬೋಲ್ಟ್ 5-6 ಸೆಂ.ಮೀ. ಆಳಕ್ಕೆ ಬಿಗಿದರೆ ಭಾರದ ಸ್ಪೀಕರೂ ಕದಲದು. ಕೆಂಪುಕಲ್ಲಿಗೆ ಅದೇ ಆಂಕರ್ ಬೋಲ್ಟ್ ಬಡಿಯಬಾರದು. ಅದು ಅಗಲಿ ಹಿಡಿಯುವ ಜಾತಿಯದ್ದು. ಅಗಲುವಾಗ ಕಲ್ಲನ್ನೇ ಒಡೆಯುತ್ತದೆ. ಆರ್ತುರ್ ಫಿಷರ್ ಎಂಬ ಜರ್ಮನ್ 1958ರಲ್ಲಿ ಮಾಡಿದ ನೈಲಾನ್ ಪ್ಲಗ್, ಇಂದು ಪ್ರತಿ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುವ ಬೂದು ಬಣ್ಣದ ಆ ಪುಟ್ಟ ಕೊಳವೆ, ಸಣ್ಣ ಸ್ಪೀಕರಿಗೆ ಸಾಕು. ಆದರೆ ಉದ್ದನೆಯದ್ದೇ ಬೇಕು. ಸಾರಣೆ ದಾಟಿ ಕಲ್ಲಿನೊಳಗೆ ಕನಿಷ್ಠ 5-6 ಸೆಂ.ಮೀ. ಹೋಗಬೇಕು. ಸಾರಣೆಯಲ್ಲೇ ನಿಂತ ಪ್ಲಗ್ ಕ್ಯಾಲೆಂಡರ್ ತೂಗಿಸಲು ಮಾತ್ರ. ಕೊರೆಯುವಾಗ ಮೆಷಿನ್ನಿನ ಹ್ಯಾಮರ್ ಬಂದ್ ಮಾಡಬೇಕು. ಬಡಿತಕ್ಕೆ ಮುರಕಲ್ಲಿನ ತೂತು ದೊಡ್ಡದಾಗಿ, ಪ್ಲಗ್ ಲಡಬಡ ಆಗುತ್ತದೆ. ಆಗ ಬೆಂಕಿಕಡ್ಡಿ ತುರುಕಿಸಿ ಬಿಗಿ ಮಾಡುವುದು ಎಲ್ಲರಿಗೂ ಗೊತ್ತಿರುವ ಉಪಾಯ, ಭಾರದ ಸ್ಪೀಕರಿಗೆ ಮಾತ್ರ ಅದು ಆಗದು.

ಭಾರ ಹೆಚ್ಚಿದ್ದರೆ ಎರಡು ದಾರಿ ಉಂಟು. ತೂತಿನ ಪುಡಿಯನ್ನೆಲ್ಲ ಊದಿ ತೆಗೆದು, ಕೆಮಿಕಲ್ ಆಂಕರ್ ಎಂಬ ಅಂಟನ್ನು ತುಂಬಿಸಿ ಅದರಲ್ಲಿ ಬೋಲ್ಟ್ ನಿಲ್ಲಿಸುವುದು ಒಂದು. ಅದು ಕಲ್ಲನ್ನು ಒಡೆಯುವುದಿಲ್ಲ, ತೂತುತೂತಿನೊಳಗೆ ಇಳಿದು ಹಿಡಿಯುತ್ತದೆ. ಇನ್ನೊಂದು ನಮ್ಮ ಹಳೆಯ ಮೇಸ್ತ್ರಿಗಳದ್ದು: ಗೋಡೆಯಲ್ಲಿ ನಾಲ್ಕು ಇಂಚಿನ ಗೂಡು ಕಡಿದು, ಬಾಲ ಸೀಳಿದ ಕಬ್ಬಿಣದ ಪಟ್ಟಿಯನ್ನು ಸಿಮೆಂಟ್ ಹಾಕಿ ಕೂರಿಸುವುದು. ಏಳೆಂಟು ದಿನ ನೀರು ಹಾಕಿ ಗಟ್ಟಿಯಾಗಲು ಬಿಡಬೇಕು. ತಾಳ್ಮೆ ಇದ್ದವರಿಗೆ ಇದಕ್ಕಿಂತ ನಂಬಿಗಸ್ತ ಹಿಡಿತ ಇಲ್ಲ.

ಹಿಂಬದಿಯ ಸರೌಂಡ್ ಸ್ಪೀಕರ್‌ಗಳ ವಿಷಯದಲ್ಲಿ ಇನ್ನೊಂದು ಸುಲಭ ಉಪಾಯ. ಹೆಚ್ಚಿನ ಮನೆಗಳಲ್ಲಿ ಬಾಗಿಲು ಕಿಟಕಿಯ ಮೇಲೆ, ಏಳು ಅಡಿಯ ಮಟ್ಟದಲ್ಲಿ, ಕಾಂಕ್ರೀಟ್ ಲಿಂಟಲ್ ಹೋಗಿರುತ್ತದೆ. ಕೆಲವರು ಮನೆ ಸುತ್ತಲೂ ಪಟ್ಟಿಯಂತೆ ಅದನ್ನು ಹಾಕಿಸಿರುತ್ತಾರೆ. ಬ್ರಾಕೆಟನ್ನು ಆ ಪಟ್ಟಿಗೇ ಹೊಡೆದು ಸ್ಪೀಕರನ್ನು ಕೆಳಮುಖವಾಗಿ ತುಸು ಬಗ್ಗಿಸಿದರೆ ಆಯಿತು. ಸರೌಂಡ್ ಸ್ಪೀಕರ್ ಕಿವಿಗಿಂತ ಮೇಲಿದ್ದರೆ ತೊಂದರೆ ಇಲ್ಲ. ಸ್ವಿಚ್ ಬೋರ್ಡಿನ ನೇರ ಮೇಲೆ ಅಥವಾ ಕೆಳಗೆ ತೂತು ಹಾಕಬಾರದು, ಕರೆಂಟ್ ಪೈಪ್ ಅಲ್ಲೇ ಇರುತ್ತದೆ. ಜಿಪ್ಸಂ ಸೀಲಿಂಗಿಗೆ ಏನನ್ನೂ ತೂಗಿಸಬಾರದು. ಸೀಲಿಂಗಿನಲ್ಲಿ ಸ್ಪೀಕರ್ ಬೇಕೇ ಬೇಕು ಎಂದರೆ ಅದರ ಹಿಂದಿನ ಸ್ಲ್ಯಾಬಿಗೆ ಬೋಲ್ಟ್ ಹಾಕಿ ರಾಡ್ ಇಳಿಸಬೇಕು, ಜೊತೆಗೆ ಬೇರೆಯೇ ಒಂದು ಸ್ಟೀಲ್ ವೈರ್ ಆಸರೆಗೆ.

ಸ್ಪೀಕರಿನ ಹಿಂದೆ ಬ್ರಾಕೆಟಿಗೆಂದು ಕಂಪೆನಿಯೇ ಕೊಟ್ಟ ಮರೆ ಇರುವ ತೂತು ಇದೆಯೇ ಎಂದು ಮೊದಲೇ ನೋಡಬೇಕು. ಹೆಚ್ಚಾಗಿ 6 ಮಿ.ಮೀ. ಅಥವಾ ಕಾಲಿಂಚಿನ ಬೋಲ್ಟ್ ಅದಕ್ಕೆ ಸೇರುತ್ತದೆ. ಬೀಗದ ಕೈ ತೂತಿನಂತಹ ಖಾಲಿ ಸೀಳು ಮಾತ್ರ ಇದ್ದರೆ ಅದು ಹಗುರದ ಸ್ಪೀಕರ್‌ಗೆ ಸರಿ. ಏನೂ ಇಲ್ಲದಿದ್ದರೆ ಆ ಸ್ಪೀಕರ್ ಗೋಡೆಗೆ ಹೋಗಲು ಹುಟ್ಟಿದ್ದಲ್ಲ. ಡಬ್ಬಕ್ಕೆ ತಾವೇ ಸ್ಕ್ರೂ ಹೊಡೆದರೆ ಒಳಗಿನ ಭಾಗಗಳಿಗೆ ತಾಗೀತು, ಗಾಳಿ ಸೋರೀತು, ವಾರಂಟಿಯೂ ಹೋದೀತು. ಸಬ್‌ವೂಫರ್ ಅಂತೂ ನೆಲದ ಜೀವಿ. ಅದನ್ನು ಸ್ಟೂಲಿನ ಮೇಲೆ ಕೂರಿಸುವುದು, ಗೋಡೆಗೆ ತೂಗಿಸುವುದು ಎರಡೂ ಬೇಡ.

ಬ್ರಾಕೆಟ್ ಹೊಡೆದಾಯಿತು, ಹಿಡಿತ ನಂಬುವುದು ಹೇಗೆ? ಮನೆಯಲ್ಲಿ ಕುಚ್ಚಲಕ್ಕಿಯ 25 ಕೆಜಿ ಚೀಲ ಇರುತ್ತದೆ. 8 ಕೆಜಿಯ ಸ್ಪೀಕರಿಗೆ ಮೂರು ಪಟ್ಟು ಭಾರ. ಸ್ಪೀಕರ್ ಕೂರುವ ಜಾಗಕ್ಕೇ ಹಗ್ಗ ಕಟ್ಟಿ, ಆ ಚೀಲವನ್ನು ನೆಲದಿಂದ ನಾಲ್ಕು ಬೆರಳು ಮೇಲೆ ತೂಗಿಸಿ, ಕೋಣೆಯ ಬಾಗಿಲು ಹಾಕಿ ಒಂದು ರಾತ್ರಿ ಬಿಡಬೇಕು. ಬೆಳಿಗ್ಗೆ ಸಾರಣೆಯಲ್ಲಿ ಬಿರುಕು, ಕೆಂಪು ಪುಡಿ, ಪಟ್ಟಿಗೂ ಗೋಡೆಗೂ ನಡುವೆ ಕಾಗದದಷ್ಟು ಸಂದು, ಇವುಗಳಲ್ಲಿ ಯಾವುದಾದರೂ ಕಂಡರೆ ಆ ತೂತನ್ನು ಬಿಟ್ಟು ಬೇರೆ ಜಾಗ ನೋಡುವುದು. ಬ್ರಾಕೆಟ್ ತಯಾರಕರು 8 ಕೆಜಿಗೆಂದೇ ಮಾಡಿದ್ದರೆ ಆ ಬ್ರಾಕೆಟ್ಟೇ ಬಗ್ಗೀತು, ಆಗಲೂ ಉತ್ತರ ಸಿಕ್ಕಿದ ಹಾಗೆಯೇ: 15-20 ಕೆಜಿಯದ್ದು ತರಬೇಕು.

ಬಾಡಿಗೆ ಮನೆಯಲ್ಲಿರುವವರಿಗೆ, ಮಂಗಳೂರಿನ ಫ್ಲಾಟ್ ಆಗಲಿ ಶಾರ್ಜಾದ ಕೋಣೆಯಾಗಲಿ, ತೂತು ಹಾಕುವ ಪ್ರಶ್ನೆಯೇ ಇಲ್ಲ. ಅವರಿಗೆ ಸ್ಟ್ಯಾಂಡೇ ದಾರಿ. ಸ್ವಂತ ಮನೆಯವರಿಗೂ 5 ಕೆಜಿ ದಾಟಿದ ಸ್ಪೀಕರಿಗೆ ಕೆಂಪುಕಲ್ಲಿನ ಗೋಡೆಗಿಂತ ವೆಲ್ಡರಿನ ಸ್ಟ್ಯಾಂಡೇ ಕ್ಷೇಮ.

ಟವರ್ ಸ್ಪೀಕರ್ ತಂದವರು ಒಂದು ಕೆಲಸ ಮಾಡಬಹುದು. ಒಂದು ಮೀಟರ್ ಎತ್ತರದ ಆ ಸ್ಪೀಕರಿನ ತಳ ಒಂದು ಗೇಣಷ್ಟೇ ಇರುತ್ತದೆ. ಅದಕ್ಕೇ ಕಂಪೆನಿಯವರು ಹೊರಗೆ ಚಾಚುವ ಕಾಲುಗಳನ್ನೋ ಅಗಲದ ಪೀಠವನ್ನೋ ಪೆಟ್ಟಿಗೆಯೊಳಗೆ ಥರ್ಮೊಕೋಲಿನ ಕೆಳಗೆ ಇಟ್ಟಿರುತ್ತಾರೆ. ಸ್ಪೀಕರ್ ಹೊರಗೆ ತೆಗೆದ ಸಂಭ್ರಮದಲ್ಲಿ ಅದನ್ನು ಯಾರೂ ನೋಡುವುದಿಲ್ಲ. ಖಾಲಿ ಕಾರ್ಟನ್ ಈಗ ಅಟ್ಟದಲ್ಲಿ ಹಳೆಯ ಕುಪ್ಪಾಯ ತುಂಬಿಕೊಂಡು ಕೂತಿದ್ದರೆ, ಅದನ್ನೊಮ್ಮೆ ಕೆಳಗಿಳಿಸಿ ತಳ ತಡಕಿ ನೋಡಬೇಕು.